ಎಣ್ಣೆ ಹೋಗಲಿ, ಉಳಿದದ್ದೆಲ್ಲ ಇರಲಿ

ಆಲಿವ್ ಎಣ್ಣೆಯಲ್ಲಿ ಇರುವುದು ಹೆಚ್ಚುಕಡಿಮೆ ಮೂರೇ ಮೂಲಧಾತುಗಳು: ಇಂಗಾಲ, ಜಲಜನಕ, ಆಮ್ಲಜನಕ. ಇಂಗಾಲವನ್ನೂ ಆಮ್ಲಜನಕವನ್ನೂ ಮರ ಗಾಳಿಯಿಂದ ಪಡೆಯಿತು, ಜಲಜನಕವನ್ನು ಮಳೆನೀರಿನಿಂದ. ಬೆಸುಗೆ ಹಾಕಿದ್ದು ಬಿಸಿಲು. ರೈತ ದುಡ್ಡು ಕೊಟ್ಟು ತಂದು ಮಣ್ಣಿಗೆ ಸುರಿಯುವ ಸಾರಜನಕ, ರಂಜಕ, ಪೊಟ್ಯಾಶ್ ಎಣ್ಣೆಯಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆ. ಅವು ಕೂತಿರುವುದು ಹಣ್ಣಿನ ತಿರುಳಿನಲ್ಲಿ, ಸಿಪ್ಪೆಯಲ್ಲಿ, ಎಲೆಯಲ್ಲಿ. ಜೋಳ ಮಾರಿದರೆ, ಹಾಲು ಮಾರಿದರೆ ಜೊತೆಯಲ್ಲೇ ಮಣ್ಣಿನ ಸತ್ವದ ಒಂದು ಪಾಲೂ ಸಂತೆಗೆ ಹೋಗುತ್ತದೆ. ಎಣ್ಣೆಯನ್ನಷ್ಟೇ ಮಾರಿ, ಹಿಂಡಿಯನ್ನೂ ಸೊಪ್ಪನ್ನೂ ಹೊಲಕ್ಕೇ ಮರಳಿಸುವ ರೈತ ಮಾರುವುದು ಗಾಳಿ, ನೀರು ಮತ್ತು ಬಿಸಿಲನ್ನು ಮಾತ್ರ. ಇಷ್ಟು ಕಡಿಮೆ ಕಳೆದುಕೊಂಡು ಇಷ್ಟು ಬೆಲೆಬಾಳುವ ಸರಕು ಕೊಡುವ ಬೆಳೆ ಬೇರೆ ಹೆಚ್ಚಿಲ್ಲ.

ಸರಳ ಬದುಕು ಎಂದಕೂಡಲೇ ನಾವು ಮನೆಯೊಳಗೆ ಏನು ಬರುತ್ತದೆ ಎಂಬುದನ್ನು ಎಣಿಸುತ್ತೇವೆ: ಎಷ್ಟು ಬಟ್ಟೆ, ಎಷ್ಟು ಪಾತ್ರೆ, ಎಷ್ಟು ಕರೆಂಟು. ಸಣ್ಣ ಆಲಿವ್ ಹೊಲದಲ್ಲಿ ಈ ಲೆಕ್ಕ ಸಾಲದು. ಏನು ಹೊರಗೆ ಹೋಗುತ್ತಿದೆ ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆ. ನೀರು ಹೋಗುತ್ತದೆ, ಮಣ್ಣು ಹೋಗುತ್ತದೆ, ಸತ್ವ ಹೋಗುತ್ತದೆ, ಕೊನೆಗೆ ಜನರೇ ಊರು ಬಿಟ್ಟು ಹೋಗುತ್ತಾರೆ. ಇವನ್ನು ತಡೆದು ನಿಲ್ಲಿಸಿದಷ್ಟೂ ಕೊಂಡು ತರಬೇಕಾದದ್ದು ಕಡಿಮೆಯಾಗುತ್ತದೆ.

ಇದನ್ನು ನೋಡಲು ದಕ್ಷಿಣ ಸ್ಪೇನಿನ ಓರ್ಹಿವಾ ಒಳ್ಳೆಯ ಜಾಗ. ಗ್ರನಾಡಾ ಪ್ರಾಂತ್ಯದ ಈ ಪುಟ್ಟ ಪೇಟೆಯ ಬೆನ್ನಿಗೆ ಸಿಯೆರ್ರಾ ನೆವಾಡಾ ಪರ್ವತಶ್ರೇಣಿ ನಿಂತಿದೆ. ಅದರ ತುದಿ ಮುಲಾಸೆನ್ 3,479 ಮೀಟರ್ ಎತ್ತರ. ಕೆಳಗೆ ಗ್ವಾದಲ್ಫೆಯೋ ನದಿ, ಅದರಾಚೆ ಇನ್ನೊಂದು ಬೆಟ್ಟಸಾಲು, ಆಮೇಲೆ ಕಡಲು. ಪರ್ವತದ ಈ ದಕ್ಷಿಣ ಮಗ್ಗುಲಿಗೆ ಅಲ್ಪುಹಾರ್ರಾ ಸೀಮೆ ಎಂದು ಹೆಸರು. ಕಣಿವೆಯ ತುಂಬ ಶತಮಾನಗಳನ್ನು ಕಂಡ ಆಲಿವ್ ಮರಗಳು. ಕಳೆದ ಕೆಲವು ದಶಕಗಳಲ್ಲಿ ಉತ್ತರ ಯುರೋಪಿನಿಂದ ಬಂದು ಇಲ್ಲಿನ ಪಾಳುಬಿದ್ದ ಹೊಲಮನೆಗಳನ್ನು ಕೊಂಡು ನೆಲೆಸಿದವರು ಬಹಳ ಮಂದಿ. ಜೆನೆಸಿಸ್ ವಾದ್ಯತಂಡದ ಆರಂಭದ ದಿನಗಳಲ್ಲಿ ಡ್ರಮ್ ಬಾರಿಸುತ್ತಿದ್ದ ಕ್ರಿಸ್ ಸ್ಟೂವರ್ಟ್ ಅವರಲ್ಲೊಬ್ಬ. ಇಲ್ಲಿನ ತನ್ನ ಹೊಲದ ಬದುಕಿನ ಬಗ್ಗೆ ಅವನು 1999ರಲ್ಲಿ ಪ್ರಕಟಿಸಿದ ಪುಸ್ತಕ ಓದಿ ಇನ್ನಷ್ಟು ಜನ ಈ ಕಡೆ ನೋಡಿದರು. ಹಲವರು ಪರ್ಮಾಕಲ್ಚರಿನ ಕನಸು ಹೊತ್ತು ಬಂದವರು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕರೂಪದಲ್ಲಿ ಮುಂದಿಟ್ಟ ವಿಚಾರ ಅದು: ಕಾಡು ತನ್ನಷ್ಟಕ್ಕೆ ತಾನು ನಡೆಯುವಂತೆ ಹೊಲವೂ ನಡೆಯಲಿ, ವರ್ಷವರ್ಷ ಉತ್ತು ಬಿತ್ತುವ ಬೆಳೆಗಿಂತ ಮರಗಿಡಗಳಿಗೆ ಮೊದಲ ಸ್ಥಾನ ಸಿಗಲಿ, ಒಂದರ ಕಸ ಇನ್ನೊಂದರ ಆಹಾರವಾಗಲಿ.

ಅಲ್ಲಿನ ಹವೆ ನಮ್ಮದಕ್ಕೆ ತಿರುಗುಮುರುಗು. ನಮ್ಮಲ್ಲಿ ಸೆಖೆಯ ಬೆನ್ನಿಗೇ ಮುಂಗಾರು ಬರುತ್ತದೆ. ನೆಲ ಬೆಚ್ಚಗಿರುವಾಗಲೇ ಮಳೆ ಸಿಗುವುದರಿಂದ ಗಿಡ ಎದ್ದು ಕೂರುತ್ತದೆ. ಮೆಡಿಟರೇನಿಯನ್ ಸೀಮೆಯಲ್ಲಿ ಮಳೆ ಬೀಳುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಚಳಿಗೆ ಗಿಡಗಳು ಮುದುಡಿಕೊಂಡಿರುವಾಗ. ಬಿಸಿಲು ಕಾಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶದಿಂದ ಹನಿಯೂ ಬೀಳದ ವರ್ಷಗಳುಂಟು. ನೀರಿದ್ದಾಗ ಶಾಖವಿಲ್ಲ, ಶಾಖವಿದ್ದಾಗ ನೀರಿಲ್ಲ. ಆ ನಾಡಿನ ಬೇಸಾಯದ ಜಾಣ್ಮೆಯೆಲ್ಲ ಈ ಎರಡನ್ನು ಹೇಗಾದರೂ ಭೇಟಿ ಮಾಡಿಸುವುದರಲ್ಲಿದೆ.

ಮರ ತನ್ನ ಪಾಲಿನ ಜಾಣ್ಮೆಯನ್ನು ಎಲೆಯಲ್ಲಿಟ್ಟುಕೊಂಡಿದೆ. ಆಲಿವ್ ಎಲೆಯನ್ನು ಕೈಗೆತ್ತಿಕೊಂಡರೆ ಮೇಲ್ಮೈ ಗಟ್ಟಿ, ಮೇಣ ಸವರಿದ ಕಡುಹಸಿರು. ತಿರುವಿ ನೋಡಿದರೆ ಬೆಳ್ಳಿಬೂದಿ ಬಣ್ಣ. ಭೂತಕನ್ನಡಿ ಹಿಡಿದರೆ ಆ ಬೂದಿ ಬಣ್ಣ ಬಿಡಿಸಿಕೊಂಡು ಸಾವಿರಾರು ಪುಟ್ಟ ಚಕ್ಕೆಗಳಾಗಿ ಕಾಣುತ್ತದೆ. ಒಂದೊಂದು ಚಕ್ಕೆಗೂ ನಡುವೆ ಮೋಟು ಕಾಲು, ಸುತ್ತ ಕಿರಣದಂತೆ ಚಾಚಿದ ಅಂಚು. ಬಿಚ್ಚಿದ ಕೊಡೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ. ಎಲೆಯ ಉಸಿರುರಂಧ್ರಗಳಿರುವುದು ಈ ಕೆಳಮಗ್ಗುಲಲ್ಲಿ ಮಾತ್ರ, ಈ ಕೊಡೆಗಳ ಅಡಿಯಲ್ಲಿ. ಬಿಸಿಗಾಳಿ ನೇರವಾಗಿ ತಾಗದ ಕಾರಣ ಅಲ್ಲಿನ ತೇವ ಬೇಗ ಆರುವುದಿಲ್ಲ. ಬೇರಿನ ಕಥೆಯೂ ಸೋಜಿಗದ್ದೇ. ಮಣ್ಣು ಒಣಗಿದಷ್ಟೂ ಉಳಿದ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಬೆಳೆಗಳು ಸುಮಾರು 15 ವಾಯುಭಾರದಷ್ಟು ಎಳೆತದವರೆಗೆ ಹೀರಿ ಅಲ್ಲಿಗೆ ಕೈಚೆಲ್ಲುತ್ತವೆ. ಆಲಿವ್ 25ರ ತನಕ ಎಳೆಯಬಲ್ಲದು. ಆ ಬೆಳೆಗಳ ಪಾಲಿಗೆ ಬರಡಾದ ನೆಲದಲ್ಲಿ ಅದಕ್ಕೆ ಇನ್ನೂ ನೀರಿರುತ್ತದೆ. ಅಂದಹಾಗೆ, ನಮ್ಮ ಮಲ್ಲಿಗೆಯೂ ಪಾರಿಜಾತವೂ ಸಸ್ಯಶಾಸ್ತ್ರದ ಪ್ರಕಾರ ಆಲಿವ್ ಕುಟುಂಬಕ್ಕೇ ಸೇರಿದವು. ಮೇ ತಿಂಗಳಲ್ಲಿ ಆಲಿವ್ ಬಿಡುವ ನಾಲ್ಕು ಎಸಳಿನ ಬಿಳಿಹೂವಿಗೆ ಮಾತ್ರ ಅಂಥ ಪರಿಮಳವಿಲ್ಲ. ಪರಾಗ ಒಯ್ಯುವುದು ಬಹುಪಾಲು ಗಾಳಿ, ದುಂಬಿಗಳನ್ನು ಕರೆಯುವ ಅಗತ್ಯ ಅದಕ್ಕಿಲ್ಲ.

ಈಗ ಮಳೆಯ ಲೆಕ್ಕ. ಹಳೆಯ ಕ್ರಮದ ಹೊಲದಲ್ಲಿ ಹೆಕ್ಟೇರಿಗೆ ಸುಮಾರು 100 ಮರ, ಅಂದರೆ ಮರಕ್ಕೆ 100 ಚದರ ಮೀಟರ್ ನೆಲ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ ಒಂದು ಮರದ ಪಾಲಿನ ನೆಲದ ಮೇಲೆ 50,000 ಲೀಟರ್ ನೀರು ಬೀಳುತ್ತದೆ. ಹೊರಗಿನವರ ಕಣ್ಣಿಗೆ ಮರಗಳ ನಡುವಿನ ಬಯಲು ವ್ಯರ್ಥವಾಗಿ ಕಾಣಬಹುದು. ಅದು ಮರದ ಕೆರೆ. ಮಳೆ ನಿಧಾನವಾಗಿ ಬಿದ್ದರೆ ತೊಂದರೆಯಿಲ್ಲ. ಆದರೆ ಅಲ್ಲಿನ ಶರತ್ಕಾಲದ ಮಳೆ ಒಮ್ಮೆಗೇ ಧೋ ಎಂದು ಸುರಿಯುವ ಜಾತಿಯದು. ಬೇಸಿಗೆಯಲ್ಲಿ ಉತ್ತು ಬರಿದುಮಾಡಿಟ್ಟ ನೆಲದ ಮೇಲೆ ಹನಿಗಳು ಬಡಿದಾಗ ಮಣ್ಣಿನ ಹೆಂಟೆ ಒಡೆದು ನುಣ್ಣನೆಯ ಕಣಗಳು ಎದ್ದು ಮೇಲ್ಪದರದ ರಂಧ್ರಗಳನ್ನು ಮೆತ್ತುತ್ತವೆ. ಆಮೇಲೆ ಬಿದ್ದ ನೀರಿಗೆ ಇಳಿಯಲು ಬಾಗಿಲೇ ಇಲ್ಲ. ಅದು ಇಳಿಜಾರು ಹಿಡಿದು ಓಡುತ್ತದೆ, ಓಡುವಾಗ ಮಣ್ಣನ್ನೂ ಹೊತ್ತೊಯ್ಯುತ್ತದೆ. ದಕ್ಷಿಣ ಸ್ಪೇನಿನ ಆಂಡಲೂಸಿಯಾ ಸೀಮೆಯ ಎಷ್ಟೋ ಗುಡ್ಡಗಳಲ್ಲಿ ಹಳೆಯ ಆಲಿವ್ ಮರಗಳು ತಮ್ಮ ಬೇರುಬುಡದ ದಿಣ್ಣೆಯ ಮೇಲೆ ಎತ್ತರದಲ್ಲಿ ನಿಂತಿವೆ. ಮರ ಮೇಲೇರಿದ್ದಲ್ಲ, ಸುತ್ತಲಿನ ನೆಲ ಕೊಚ್ಚಿ ಕೆಳಗಿಳಿದಿದೆ.

ಪರಿಹಾರ ಕೇಳಲು ಸುಲಭ: ನೆಲವನ್ನು ಬೆತ್ತಲೆ ಬಿಡಬೇಡಿ. ಮಾಡುವುದರಲ್ಲಿ ಮಾತ್ರ ಸಮಯಪ್ರಜ್ಞೆ ಬೇಕು. ಮೊದಲ ಮಳೆಗೆ ಹುಲ್ಲು, ಬಾರ್ಲಿ, ಬಟಾಣಿ ಜಾತಿಯ ಬಳ್ಳಿ, ಬಾಕ್ಲಾ ಅವರೆ ಇವನ್ನು ಮರಗಳ ನಡುವೆ ಎಬ್ಬಿಸುತ್ತಾರೆ. ಚಳಿಗಾಲವಿಡೀ ಅವು ಹನಿಯ ಹೊಡೆತವನ್ನು ತಮ್ಮ ಮೈಮೇಲೆ ತೆಗೆದುಕೊಳ್ಳುತ್ತವೆ, ಬೇರುಗಳು ನೆಲಕ್ಕೆ ದಾರಿ ಕೊರೆಯುತ್ತವೆ, ಅವರೆ ಬಟಾಣಿಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಅವನ್ನು ಕೊಯ್ದು ಅಲ್ಲೇ ಮಲಗಿಸಬೇಕು. ಹದಿನೈದು ದಿನ ತಡವಾದರೂ ಅವೇ ಮರದ ನೀರನ್ನು ಕುಡಿದು ಮುಗಿಸುತ್ತವೆ. ಬೇಗ ಕೊಯ್ದರೆ ಬೇಸಿಗೆಗೆ ಮುಚ್ಚಿಗೆ ಸಾಲದು. ಚಳಿಗಾಲಕ್ಕೆ ಜೀವಂತ ಹೊದಿಕೆ, ಬೇಸಿಗೆಗೆ ಸತ್ತ ಹೊದಿಕೆ: ಮಳೆಯಾಶ್ರಿತ ಆಲಿವ್ ಹೊಲದ ಮಣ್ಣು ಕಾಯುವುದೆಂದರೆ ಬಹುಪಾಲು ಈ ಒಂದು ಕೆಲಸ.

ಇಲ್ಲೊಂದು ಮಾತನ್ನು ಖಚಿತವಾಗಿ ಹೇಳಬೇಕು. ಮಣ್ಣಿನಲ್ಲಿ ಸಾವಯವ ಅಂಶ ಶೇಕಡಾ ಒಂದು ಹೆಚ್ಚಿದರೆ ಎಕರೆಗೆ ಲಕ್ಷಾಂತರ ಲೀಟರ್ ನೀರು ಹಿಡಿದಿಡುತ್ತದೆ ಎಂದು ಸಹಜ ಕೃಷಿಯ ಸಭೆಗಳಲ್ಲಿ ಹೇಳುವುದುಂಟು. ಸಿಡ್ನಿ ವಿಶ್ವವಿದ್ಯಾಲಯದ ಬುದಿಮನ್ ಮಿನಾಸ್ನಿ ಮತ್ತು ಅಲೆಕ್ಸ್ ಮ್ಯಾಕ್‌ಬ್ರಾಟ್ನಿ 2018ರಲ್ಲಿ ಅಪಾರ ಸಂಖ್ಯೆಯ ಮಣ್ಣಿನ ಮಾಪನಗಳನ್ನು ಒಟ್ಟುಹಾಕಿ ನೋಡಿದರು. ಸಾವಯವ ಇಂಗಾಲ ಶೇಕಡಾ ಒಂದು ಏರಿದರೆ ಗಿಡಕ್ಕೆ ದಕ್ಕುವ ನೀರು ಹೆಚ್ಚುವುದು ಹತ್ತು ಸೆಂಟಿಮೀಟರ್ ಮಣ್ಣಿಗೆ ಸರಾಸರಿ 1.2 ಮಿಲಿಮೀಟರಿನಷ್ಟು. ಮೇಲಿನ ಒಂದಡಿ ಮಣ್ಣಿಗೆ ಲೆಕ್ಕ ಹಾಕಿದರೆ ಮೂರೂವರೆ ಮಿಲಿಮೀಟರ್. ಎಕರೆಗೆ ಹದಿನಾಲ್ಕು ಸಾವಿರ ಲೀಟರಿನ ಆಸುಪಾಸು. ಹಾಗಾದರೆ ಮುಚ್ಚಿಗೆಯ ಶ್ರಮ ದಂಡವೇ? ಖಂಡಿತ ಅಲ್ಲ. ಲಾಭ ಇರುವುದು ಬೇರೆ ಕಡೆ: ನೀರು ಓಡಿಹೋಗದೆ ಒಳಗಿಳಿಯುವುದರಲ್ಲಿ, ಇಳಿದದ್ದು ಬಿಸಿಲಿಗೆ ಆವಿಯಾಗದೆ ಉಳಿಯುವುದರಲ್ಲಿ. 50,000 ಲೀಟರಿನಲ್ಲಿ ಕಾಲುಭಾಗ ಓಡಿಹೋಗುತ್ತಿದ್ದ ಹೊಲದಲ್ಲಿ ಅದನ್ನು ತಡೆದರೆ ಒಂದೇ ಮರಕ್ಕೆ 12,500 ಲೀಟರ್ ಉಳಿಯಿತು. ಒಳ್ಳೆಯ ಕೆಲಸಕ್ಕೆ ಉಬ್ಬಿಸಿದ ಅಂಕಿಯ ಆಸರೆ ಬೇಕಿಲ್ಲ. ನಿಜವಾದ ಅಂಕಿಯೇ ಸಾಕಷ್ಟು ದೊಡ್ಡದಿದೆ.

ಗುಡ್ಡದ ಹೊಲಕ್ಕೆ ಗೋಡೆಯೂ ಬೇಕು. ಅಲ್ಪುಹಾರ್ರಾದ ಇಳಿಜಾರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ನಿಲ್ಲಿಸಿರುವುದು ಗಾರೆ ಇಲ್ಲದೆ ಕಟ್ಟಿದ ಒಣಕಲ್ಲಿನ ಗೋಡೆಗಳು. ಅಲ್ಲಿಯವರು ಬಲಾತೆ ಎನ್ನುತ್ತಾರೆ. ದೊಡ್ಡ ಕಲ್ಲು ಮುಂದೆ, ಹಿಂದೆ ಚೂರುಕಲ್ಲು, ಗೋಡೆ ಒಳಕ್ಕೆ ತುಸು ವಾಲಿರಬೇಕು. ಸಿಮೆಂಟ್ ಗೋಡೆ ಗಟ್ಟಿಯಲ್ಲವೇ ಎಂದು ಕೇಳಬಹುದು. ಗೋಡೆಯ ಹಿಂದಿನ ನೆನೆದ ಮಣ್ಣಿನಲ್ಲಿ ನೀರು ನಿಂತರೆ ಅದರ ಒತ್ತಡ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಒಣಕಲ್ಲಿನ ಗೋಡೆ ಸಂದುಸಂದಿನಿಂದ ನೀರನ್ನು ಜಿನುಗಿಸಿ ಒತ್ತಡವನ್ನು ಇಳಿಸಿಕೊಳ್ಳುತ್ತದೆ, ಮಣ್ಣನ್ನು ಮಾತ್ರ ಒಳಗೇ ಉಳಿಸುತ್ತದೆ. ಸ್ಪೇನ್, ಗ್ರೀಸ್, ಇಟಲಿ ಸೇರಿದಂತೆ ಎಂಟು ದೇಶಗಳ ಈ ಕಟ್ಟಣೆಯ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪರ್ಮಾಕಲ್ಚರ್ ಕೈಪಿಡಿಗಳಲ್ಲಿ ಸಮಪಾತಳಿಯ ಇಂಗುಕಾಲುವೆ ತೋಡುವ ಸಲಹೆ ಪುಟಪುಟಕ್ಕೂ ಸಿಗುತ್ತದೆ. ಹದವಾದ ಇಳಿಜಾರಿನಲ್ಲಿ ಅದು ಸರಿ. ಸ್ಲೇಟಿನಂಥ ಪದರಗಲ್ಲಿನ ಕಡಿದಾದ ಗುಡ್ಡದಲ್ಲಿ ಅದನ್ನೇ ಮಾಡಿದರೆ ಇಂಗಿದ ನೀರು ಪದರಗಳ ನಡುವೆ ಸೇರಿ ಗುಡ್ಡವೇ ಜಾರಬಹುದು. ಪುಸ್ತಕ ಹಿಡಿದು ಬಂದವರು ಗುದ್ದಲಿ ಎತ್ತುವ ಮುಂಚೆ ಹಳೆಯ ಗೋಡೆಗಳು ಎಲ್ಲಿವೆ, ಎಲ್ಲಿಲ್ಲ ಎಂದು ನೋಡಬೇಕು.

ಆದರೆ ಅಲ್ಪುಹಾರ್ರಾದ ನಿಜವಾದ ಪವಾಡ ಹೊಲದಲ್ಲಿಲ್ಲ, ಅದರಿಂದ ಬಹಳ ಮೇಲೆ, ಹಿಮ ಕರಗುವ ಎತ್ತರದಲ್ಲಿದೆ. ಮಧ್ಯಯುಗದ ಮುಸ್ಲಿಂ ರೈತರು ಅಲ್ಲಿ ಬೆಟ್ಟದ ಮೈಗೆ ಅಡ್ಡಲಾಗಿ ಮಣ್ಣಿನ ಕಾಲುವೆಗಳನ್ನು ತೋಡಿದರು. ಅಸೆಕಿಯಾ ಎಂಬುದು ಅವುಗಳ ಹೆಸರು. ಕೆಲವು ಅಸೆಕಿಯಾಗಳು ನೇರ ಹೊಲಕ್ಕೆ ಬರುತ್ತವೆ. ಇನ್ನು ಕೆಲವು ಯಾವ ಹೊಲಕ್ಕೂ ಬರುವುದಿಲ್ಲ. ವಸಂತದಲ್ಲಿ ಕರಗಿದ ಹಿಮದ ನೀರನ್ನು ಹೊಳೆಯಿಂದ ತಿರುಗಿಸಿ, ಬಿರುಕುಬಿಟ್ಟ ಸಡಿಲ ಬಂಡೆಯಿರುವ ಇಳುಕಲಿಗೆ ತಂದು ಸುಮ್ಮನೆ ಬಿಟ್ಟುಬಿಡುತ್ತವೆ. ನೀರು ಕಣ್ಮರೆಯಾಗುತ್ತದೆ. ಬೆಟ್ಟದೊಳಗೆ ಆಮೆಯ ನಡಿಗೆಯಲ್ಲಿ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಬಿಸಿಲು ನೆತ್ತಿ ಸುಡುವಾಗ, ಕೆಳಗಿನ ಊರುಗಳ ಒರತೆಗಳಲ್ಲಿ ಏಳುತ್ತದೆ. ಸ್ಥಳೀಯರು ಇದನ್ನು ನೀರು ಬಿತ್ತುವುದು ಎನ್ನುತ್ತಾರೆ. ಹೊಳೆಯಲ್ಲಿ ಹೋಗಿದ್ದರೆ ಕೆಲವೇ ದಿನಗಳಲ್ಲಿ ಕಡಲು ಸೇರುತ್ತಿದ್ದ ನೀರನ್ನು ಬೇಸಿಗೆಗೆ ಎತ್ತಿಡಲು ಅವರು ಅಣೆಕಟ್ಟು ಕಟ್ಟಲಿಲ್ಲ, ಇಡೀ ಬೆಟ್ಟವನ್ನೇ ಉಗ್ರಾಣ ಮಾಡಿಕೊಂಡರು. ಪಂಪಿಲ್ಲ, ಪೈಪಿಲ್ಲ, ಇಳಿಜಾರನ್ನು ಅಳೆದ ಕಣ್ಣು ಮತ್ತು ವರ್ಷವರ್ಷ ಹೂಳೆತ್ತುವ ಕೈ, ಅಷ್ಟೇ.

ಆ ಕೈಗಳೇ ಇಲ್ಲದಾಗ ಏನಾಗುತ್ತದೆ ಎಂಬುದನ್ನೂ ಈ ಬೆಟ್ಟ ಕಂಡಿದೆ. ಆ ಮುಸ್ಲಿಂ ರೈತರ ಪೀಳಿಗೆಯವರು, ಕ್ರೈಸ್ತ ಮತಕ್ಕೆ ಸೇರಿಸಲ್ಪಟ್ಟ ಮೊರಿಸ್ಕೊಗಳು, 1568ರಲ್ಲಿ ಬಂಡೆದ್ದರು. ಬಂಡಾಯ ಮುರಿದ ಮೇಲೆ ಅವರನ್ನು ಇಲ್ಲಿಂದ ಹೊರಗಟ್ಟಲಾಯಿತು. ಹೊಸದಾಗಿ ತಂದಿಳಿಸಿದ ಒಕ್ಕಲುಗಳಿಗೆ ನೀರಿನ ವ್ಯವಸ್ಥೆ ಕಲಿಸಲೆಂದು ಊರಿಗೆ ಎರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರೆಂದು ಹೇಳಿಕೆಯಿದೆ. ಇಪ್ಪತ್ತನೆಯ ಶತಮಾನದಲ್ಲಿ ಜನ ತಾವಾಗಿಯೇ ನಗರಗಳಿಗೆ ಹೊರಟರು, ಕಾಲುವೆಗಳು ಒಂದೊಂದಾಗಿ ಮುಚ್ಚಿಹೋದವು. ಓರ್ಹಿವಾದ ನೆತ್ತಿಯ ಮೇಲಿರುವ ಕಾನ್ಯಾರ್ ಗ್ರಾಮದ ಬಾರ್ಹಾಸ್ ಕಾಲುವೆ ದಶಕಗಳ ಕಾಲ ಒಣಗಿ ಬಿದ್ದಿತ್ತು. 2014ರಲ್ಲಿ ಗ್ರನಾಡಾ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ಹೋಸೆ ಮಾರಿಯಾ ಮಾರ್ಟಿನ್ ಸಿವಾಂತೋಸ್ ಅವರ ತಂಡ ಊರವರು ಮತ್ತು ಸ್ವಯಂಸೇವಕರ ಜೊತೆ ಸೇರಿ ಪೊದೆ ಕಡಿದು ಹೂಳು ಎತ್ತಿತು. ನೀರು ಮತ್ತೆ ಹರಿಯಿತು. ಆ ತಂಡ ಆಮೇಲೆ ಹತ್ತಾರು ಕಿಲೋಮೀಟರ್ ಕಾಲುವೆಗಳನ್ನು ಹೀಗೆ ಎಬ್ಬಿಸಿದೆ. ಕಾಲುವೆ ಯಾರೊಬ್ಬರ ಸೊತ್ತೂ ಅಲ್ಲ. ನೀರುಬಳಕೆದಾರರ ಸಂಘವಿರುತ್ತದೆ, ನಮ್ಮ ಕೆರೆಗಳ ನೀರುಗಂಟಿಯಂಥವನೊಬ್ಬ ತೂಬು ತಿರುಗಿಸುತ್ತಾನೆ, ಯಾವ ಹೊಲಕ್ಕೆ ಯಾವ ದಿನ ಎಷ್ಟು ಹೊತ್ತು ಎಂಬ ಸರದಿ ಇರುತ್ತದೆ. ಸರದಿ ನಡುರಾತ್ರಿಗೆ ಬಂದರೆ ನಡುರಾತ್ರಿಗೇ ಎದ್ದು ಹೋಗಬೇಕು. ಇಲ್ಲವೇ ಹಗಲಿಗೆ ಬೇಕೆಂದು ಹೊಲದ ಮೂಲೆಯ ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳಬೇಕು. ಯಾರ ಹಂಗೂ ಇಲ್ಲದ ಬದುಕು ಬೇಕೆಂದು ಬಂದವರಿಗೆ ಇಲ್ಲಿ ಸಿಗುವುದು ನೆರೆಹೊರೆಯ ಹಂಗು. ಅದು ಒಳ್ಳೆಯ ಹಂಗು ಎಂದೇ ನನ್ನ ನಂಬಿಕೆ.

ರೋಗಕೀಟಗಳ ವಿಷಯದಲ್ಲೂ ನೆರೆಹೊರೆಯೇ ಮುಖ್ಯ, ಇಲ್ಲಿ ಕಳೆಗಿಡಗಳ ನೆರೆಹೊರೆ. ಆಲಿವ್ ನೊಣ ಕಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ, ಹುಳು ತಿರುಳಲ್ಲಿ ಸುರಂಗ ಕೊರೆಯುತ್ತದೆ, ಎಣ್ಣೆಯ ಹುಳಿ ಏರುತ್ತದೆ. ಹೊಲದಂಚಿನಲ್ಲಿ ಬೆಳೆಯುವ ಅಂಟಂಟು ಎಲೆಯ, ಹಳದಿ ಹೂವಿನ ಒಂದು ಪೊದೆಯಿದೆ. ಸಸ್ಯಶಾಸ್ತ್ರದಲ್ಲಿ ಡಿಟ್ರಿಕಿಯಾ ವಿಸ್ಕೋಸಾ. ಅದರ ಹೂಗೊಂಚಲಲ್ಲಿ ಬೇರೊಂದು ನಿರುಪದ್ರವಿ ನೊಣ ಗಂಟು ಕಟ್ಟಿಕೊಳ್ಳುತ್ತದೆ. ಆ ಗಂಟಿನೊಳಗಿನ ಹುಳುವನ್ನು ತಿಂದು ಚಳಿಗಾಲ ಕಳೆಯುವ ಪುಟಾಣಿ ಕಣಜ ಬೇಸಿಗೆಯಲ್ಲಿ ಆಲಿವ್ ನೊಣದ ಹುಳುವಿಗೂ ಕೈಹಾಕುತ್ತದೆ. ಪೊದೆಯನ್ನು ಕಳೆಯೆಂದು ಸವರಿದರೆ ಕಣಜಕ್ಕೆ ಚಳಿಗಾಲದ ಮನೆಯಿಲ್ಲ. ಇದರಿಂದ ನೊಣ ನಿರ್ನಾಮವಾಗದು. ಕಾಯಿಗಳ ಮೇಲೆ ಬಿಳಿ ಕೇಯೊಲಿನ್ ಜೇಡಿ ಸಿಂಪಡಿಸಿ ನೊಣದ ಕಣ್ಣು ತಪ್ಪಿಸುವುದು, ತೂತು ಕೊರೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಅಮೋನಿಯಾ ವಾಸನೆಯ ದ್ರಾವಣ ತುಂಬಿ ತೂಗುಹಾಕುವುದು, ಇವೂ ಬೇಕು.

ಎಲೆಚುಕ್ಕೆ ರೋಗಕ್ಕೆ ಅಲ್ಲಿಯವರು ಹೊಡೆಯುವ ಔಷಧಿ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚಿರಪರಿಚಿತ: ಮೈಲುತುತ್ತ ಸುಣ್ಣದ ಬೋರ್ಡೋ ಮತ್ತು ಅದರ ಬಂಧುಗಳು. ಸಾವಯವ ಕೃಷಿಯಲ್ಲೂ ಅದಕ್ಕೆ ಅನುಮತಿಯಿದೆ, ಮಿತಿಯೂ ಇದೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋ ತಾಮ್ರ. ತಾಮ್ರ ಕರಗಿ ಕಾಣೆಯಾಗುವುದಿಲ್ಲ, ಮಣ್ಣಲ್ಲೇ ಕೂರುತ್ತದೆ, ಎರೆಹುಳುವಿಗೆ ಕೇಡು. ಹುಲ್ಲು ಮೇಯಲು ಕುರಿ ಬಿಡುವವರಿಗೆ ಇನ್ನೊಂದು ಎಚ್ಚರಿಕೆ: ಸಾಕುಪ್ರಾಣಿಗಳಲ್ಲಿ ತಾಮ್ರದ ವಿಷ ಬಲುಬೇಗ ತಾಗುವುದು ಕುರಿಗೆ. ಸಿಂಪಡಿಸಿದ ಹೊಲಕ್ಕೆ ಅವನ್ನು ಅಟ್ಟಬಾರದು. ಮೇಕೆಯನ್ನಂತೂ ಮರದ ಹತ್ತಿರ ಬಿಡುವುದೇ ಬೇಡ, ಅದು ಮರವನ್ನೇ ತಿನ್ನುತ್ತದೆ.

ಕೊಯ್ಲು ನವೆಂಬರಿನಲ್ಲಿ ಶುರು. ಮರದಡಿ ಬಲೆ ಹಾಸಿ, ಉದ್ದ ಕೋಲಿನಿಂದ ಕೊಂಬೆಗಳನ್ನು ತಟ್ಟಿ, ಕೈಬಾಚಣಿಗೆಯಿಂದ ಬಾಚಿ ಉದುರಿಸುತ್ತಾರೆ. ಎಲೆಕಡ್ಡಿ ಆರಿಸಿ ಕ್ರೇಟಿಗೆ ತುಂಬಿದ ಮೇಲೆ ಗಡಿಯಾರ ಓಡಲು ತೊಡಗುತ್ತದೆ. ರಾಶಿ ಹಾಕಿದ ಹಣ್ಣು ಒಳಗೊಳಗೇ ಬಿಸಿಯೇರಿ ಹುಳಿಯುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಮುಟ್ಟಿಸಿದರೆ ಉತ್ತಮ. ಬೀಜದ ಸಮೇತ ಅರೆದ ಮುದ್ದೆಯನ್ನು 27 ಡಿಗ್ರಿ ಮೀರದಂತೆ ಅರ್ಧ ಗಂಟೆಗೂ ಮಿಕ್ಕಿ ನಿಧಾನ ಕಲಕುತ್ತಾರೆ. ಸಣ್ಣ ಸಣ್ಣ ಎಣ್ಣೆಹನಿಗಳು ಕೂಡಿ ದೊಡ್ಡವಾಗುತ್ತವೆ, ಆಮೇಲೆ ಗಿರಕಿ ಹೊಡೆಸಿ ಬೇರ್ಪಡಿಸುವುದು. ಐದು ಕಿಲೋ ಹಣ್ಣಿಗೆ ಸುಮಾರು ಒಂದು ಲೀಟರ್. ಹೊಸ ಎಣ್ಣೆ ಗಂಟಲಲ್ಲಿ ಚುರ್ ಎನ್ನುತ್ತದೆ. ಆ ಚುರುಕು ಓಲಿಯೊಕ್ಯಾಂಥಾಲ್ ಎಂಬ ರಾಸಾಯನಿಕದ್ದು. ಅದು ಐಬುಪ್ರೊಫೆನ್ ಮಾತ್ರೆಯಂತೆಯೇ ಉರಿಯೂತದ ಕಿಣ್ವಗಳನ್ನು ತಡೆಯುತ್ತದೆಂದು 2005ರಲ್ಲಿ ಗ್ಯಾರಿ ಬೋಶಾಂಪ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಗಾಣದಲ್ಲಿ ಉಳಿಯುವ ಒದ್ದೆ ಹಿಂಡಿ ನೇರವಾಗಿ ಹೊಲಕ್ಕೆ ಸುರಿಯುವ ವಸ್ತುವಲ್ಲ. ಅದರಲ್ಲಿನ ಫೀನಾಲು ಎಂಬ ರಾಸಾಯನಿಕಗಳು ಮೊಳಕೆಗಳನ್ನು ಸುಡುತ್ತವೆ. ಸೊಪ್ಪು, ಒಣಹುಲ್ಲು, ಕುರಿಗೊಬ್ಬರ ಬೆರೆಸಿ, ತಿರುವಿಹಾಕಿ, ಕೆಲವು ತಿಂಗಳು ಕೊಳೆಸಿದರೆ ಫೀನಾಲುಗಳನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಪೊಟ್ಯಾಶ್ ತುಂಬಿದ ಕಪ್ಪು ಗೊಬ್ಬರ ಉಳಿಯುತ್ತದೆ. ಗಾಣಕ್ಕೆ ಹೋದ ಹಣ್ಣಿನ ಮಣ್ಣಿನಂಶ ಮನೆಗೆ ಮರಳುವುದು ಈ ದಾರಿಯಲ್ಲಿ. ಸವರಿದ ಕೊಂಬೆಯ ಸಣ್ಣ ಕಡ್ಡಿಗಳನ್ನು ಕತ್ತರಿಸಿ ಮರದಡಿಗೇ ಹರಡುತ್ತಾರೆ, ದಪ್ಪನವು ಒಲೆಗೆ. ಸೌದೆಯ ರಾಶಿಯನ್ನು ಬೇಸಿಗೆಗೆ ಮುಂಚೆ ಹೊಲದಿಂದ ಸಾಗಿಸದಿದ್ದರೆ ಅದರಲ್ಲಿ ಮರಿಯಾದ ತೊಗಟೆಜೀರುಂಡೆಗಳು ಹಾರಿ ಮರಗಳಿಗೇ ಹತ್ತುತ್ತವೆ.

ಇಷ್ಟೆಲ್ಲ ಮಾಡಿ ಸಂಪಾದನೆ ಎಷ್ಟು? ನೂರು ಮರ, ಮರಕ್ಕೆ 25 ಕಿಲೋ ಹಣ್ಣು ಎಂದಿಟ್ಟುಕೊಂಡರೆ 500 ಲೀಟರ್ ಎಣ್ಣೆ, ತೂಕದಲ್ಲಿ 450 ಕಿಲೋ ಚಿಲ್ಲರೆ. ಉತ್ತಮ ಎಣ್ಣೆಯ ಸಗಟು ಬೆಲೆ 2024ರ ಆರಂಭದಲ್ಲಿ ಕಿಲೋಗೆ 9 ಯೂರೋ ಆಸುಪಾಸಿಗೆ ಏರಿತ್ತು. ಬರದಿಂದ ಸ್ಪೇನಿನ ಉತ್ಪಾದನೆ 2021–22ರ ಸುಮಾರು 15 ಲಕ್ಷ ಟನ್ನಿನಿಂದ ಮರುವರ್ಷ 7 ಲಕ್ಷಕ್ಕೂ ಕೆಳಗೆ ಕುಸಿದಿದ್ದರ ಫಲ ಅದು. 2025ರಲ್ಲಿ ಬೆಲೆ 4 ಯೂರೋಗೂ ಕೆಳಗಿಳಿಯಿತು. 4 ಯೂರೋ ಲೆಕ್ಕದಲ್ಲಿ ವರ್ಷದ ಬೆಳೆಗೆ 1,800 ಯೂರೋ. ಅದೂ ತುಂಬು ಫಸಲಿನ ವರ್ಷದಲ್ಲಿ. ಆಲಿವ್ ಒಂದು ವರ್ಷ ಜೋರು, ಮರುವರ್ಷ ಜೊಳ್ಳು: ಬೆಳೆಯುತ್ತಿರುವ ಬೀಜಗಳು ಕಳಿಸುವ ಹಾರ್ಮೋನು ಮುಂದಿನ ವರ್ಷದ ಹೂಮೊಗ್ಗನ್ನು ತಡೆಯುತ್ತದೆ, ಹೊರೆ ಹೊತ್ತ ಮರ ಹೊಸ ಚಿಗುರಿಗೆ ಶಕ್ತಿ ಉಳಿಸಿಕೊಂಡಿರುವುದಿಲ್ಲ. ಎಣ್ಣೆಯೊಂದನ್ನೇ ನಂಬಿ ಸಣ್ಣ ಹೊಲದಲ್ಲಿ ಸಂಸಾರ ಸಾಗದು. ವಾರಕ್ಕೆ ಒಂದು ಲೀಟರ್ ಬಳಸುವ ಮನೆಗೆ ಹತ್ತು ಹನ್ನೊಂದು ಮರ ಸಾಕು. ಉಳಿದದ್ದಕ್ಕೆ ಅಂಜೂರ, ಬಾದಾಮಿ, ಕಿತ್ತಳೆ, ಮನೆಬಾಗಿಲ ತರಕಾರಿ, ಉಪ್ಪುನೀರಲ್ಲಿ ಕಹಿ ಬಿಡಿಸಿದ ಆಲಿವ್‌ಕಾಯಿ, ಜೇನು, ಜೊತೆಗೆ ಹೊಲದಾಚೆಯ ಒಂದು ದುಡಿಮೆ.

ಇನ್ನೊಂದು ದಾರಿಯಲ್ಲಿ ಹೋದವರೂ ಇದ್ದಾರೆ. ಬೇಲಿಯಂತೆ ಒತ್ತಾಗಿ ಹೆಕ್ಟೇರಿಗೆ 1,500ಕ್ಕೂ ಹೆಚ್ಚು ಗಿಡ, ಹನಿ ನೀರಾವರಿ, ಸಾಲಿನ ಮೇಲೆ ಹಾದುಹೋಗುವ ಯಂತ್ರ. ರಾತ್ರಿ ಕೊಯ್ಲು ಮಾಡುವಾಗ ಗಿಡಗಳಲ್ಲಿ ಮಲಗಿದ್ದ ಹಕ್ಕಿಗಳನ್ನೂ ಆ ಯಂತ್ರಗಳು ಹೀರಿ ಕೊಲ್ಲುತ್ತಿದ್ದವು. 2019ರಲ್ಲಿ ಆಂಡಲೂಸಿಯಾ ಸರ್ಕಾರ ರಾತ್ರಿ ಕೊಯ್ಲನ್ನು ತಡೆಯಿತು. ಆ ತೋಟಗಳ ಅಗ್ಗದ ಎಣ್ಣೆಯ ಎದುರು ಗುಡ್ಡದ ರೈತ ಬೆಲೆಯಲ್ಲಿ ಗೆಲ್ಲಲಾರ. ಗುಡ್ಡದ ಗೋಡೆ, ಕಾಲುವೆ, ಮಣ್ಣು ಇವನ್ನು ಕಾಯುವ ಕೂಲಿ ಎಣ್ಣೆಯ ಬೆಲೆಯಲ್ಲಿ ಸೇರಿಲ್ಲ. ಅದನ್ನು ಈಗ ಕೊಡುತ್ತಿರುವುದು ಹೊಲದ ಮನೆಯವರ ಮೈದುಡಿಮೆ, ಮತ್ತು ವಸಂತದಲ್ಲಿ ಗುದ್ದಲಿ ಹಿಡಿದು ಬೆಟ್ಟ ಹತ್ತಿ ಕಾಲುವೆಯ ಹೂಳೆತ್ತುವ ಊರವರು.